ಯಾರೂ ಬಿತ್ತದ ಹೊಲ

ಗೌರಿಬಿದನೂರು
3–9–1958

ವೆಂಕಟರವಣಪ್ಪನಿಗೆ ಅಮ್ಮಾಜಮ್ಮ ತಿಳಿಸುವುದು.

ಅಪ್ಪ ತೀರಿಕೊಂಡ ಮೇಲೆ ಬೆಟ್ಟದ ಕೆಳಗಿನ ಬಂಡೆಹೊಲದ ವಿಷಯದಲ್ಲಿ ನಮ್ಮಿಬ್ಬರಿಗೂ ವ್ಯಾಜ್ಯ ನಡೆದಿದೆ. ತೀರ್ಪಾಗುವ ತನಕ ನೀನಾಗಲಿ ನಾನಾಗಲಿ ಅಲ್ಲಿ ಕಾಲಿಡಕೂಡದು, ಉಳಕೂಡದು, ದನ ಮೇಯಿಸಕೂಡದು ಎಂದು ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಅಪ್ಪಣೆಯಾಗಿ ಒಂಬತ್ತು ತಿಂಗಳಾಯಿತು. ಆದರೂ ನಿನ್ನ ದನಗಳು ಅಲ್ಲೇ ಮೇಯುತ್ತಿವೆ ಎಂದು ಕಳವಾರದಿಂದ ಇಲ್ಲಿಯ ಸಂತೆಗೆ ಬಂದವರು ಹೇಳಿದರು. ಒಡಹುಟ್ಟಿದವನೆಂದು ಒಂದು ಸಲ ನಾನೇ ಬರೆದು ಕೇಳುತ್ತಿದ್ದೇನೆ. ಎರಡನೆಯ ಸಲ ವಕೀಲರು ಕೇಳುತ್ತಾರೆ.

ಅಮ್ಮಾಜಮ್ಮ
ಉಪಾಧ್ಯಾಯಿನಿ, ಹೆಣ್ಣುಮಕ್ಕಳ ಶಾಲೆ


ಕಳವಾರ
9–9–1958

ಶ್ರೀಮತಿ ಅಮ್ಮಾಜಮ್ಮನವರಿಗೆ,

ತಮ್ಮ ಕಾಗದ ತಲುಪಿತು. ನನ್ನ ದನಗಳಿಗೆ ಕೋರ್ಟಿನ ಅಪ್ಪಣೆ ಓದಲು ಬರುವುದಿಲ್ಲ, ನನಗೆ ಬರುತ್ತದೆ. ನಾಲ್ಕನೆಯ ಕ್ಲಾಸಿನವರೆಗೆ ಓದಿದ್ದೇನೆ. ಮನೆಯಲ್ಲಿ ಕೂರಿಸಿಕೊಂಡು ತಿದ್ದಿಸಿದವರು ತಾವೇ.

ದನ ಬಿಟ್ಟಿದ್ದರೆ ಹೊಲ ಬೋಳಾಗಿರಬೇಕಿತ್ತು. ನಿನ್ನೆ ಬದುವಿನ ಮೇಲೆ ನಿಂತು ನೋಡಿದ್ದನ್ನು ಬರೆಯುತ್ತೇನೆ. ಬದು ನನ್ನ ಹೊಲದ್ದು, ಅದರ ಮೇಲೆ ನಿಲ್ಲಬಾರದೆಂದು ಯಾರೂ ಹೇಳಿಲ್ಲ. ಹೊಲದ ತುಂಬ ಅಣ್ಣೆಸೊಪ್ಪು ಮೊನಕಾಲೆತ್ತರ ಬೆಳೆದು ತುದಿಯಲ್ಲಿ ಕುಚ್ಚು ಬಿಟ್ಟಿದೆ. ಮೂಡಲ ಮೂಲೆಯಲ್ಲಿ ತುಂಬೆ. ಬಂಡೆಯ ಸುತ್ತ ಮಣ್ಣು ತೆಳ್ಳಗಿರುವ ಕಡೆ ನೆಗ್ಗಿಲು ನೆಲಕ್ಕಂಟಿ ಹರಡಿದೆ. ಎಕ್ಕ ಆರು ಗಿಡ. ಹೋದ ಸುಗ್ಗಿಯಲ್ಲಿ ಉದುರಿದ ರಾಗಿ ಅಲ್ಲೊಂದು ಇಲ್ಲೊಂದು ಹುಟ್ಟಿ ಬಡಕಲಾಗಿ ನಿಂತಿದೆ. ದನ ನುಗ್ಗಿದ್ದರೆ ಮೊದಲು ಬಾಯಿ ಹಾಕುತ್ತಿದ್ದುದು ಆ ರಾಗಿಗೆ. ಇದನ್ನು ತಮ್ಮ ವಕೀಲರಿಗೂ ತೋರಿಸಬಹುದು.

ನನ್ನ ಹೆಂಡತಿ ಮಂಗಮ್ಮ ದಿನಕ್ಕೆರಡು ಸಲ ಬದುವಿಗೆ ಬಂದು, “ಅಷ್ಟೊಂದು ಸೊಪ್ಪು ಬಲಿತು ಹೋಗ್ತಾ ಐತಲ್ರೀ, ಕೋರ್ಟಿನೋರೇನು ಬಸ್ಸಾರು ಮಾಡ್ಕೊಂಡು ತಿಂತಾರಾ?” ಎನ್ನುತ್ತಾಳೆ. ಅವಳನ್ನೂ ತಡೆದಿದ್ದೇನೆ.

ಪ್ರತಿವಾದಿ
ವೆಂಕಟರವಣಪ್ಪ


ಗೌರಿಬಿದನೂರು
30–9–1958

ಪ್ರತಿವಾದಿಗೆ,

ನಿನ್ನ ಕಾಗದವನ್ನು ವಕೀಲರಿಗೆ ತೋರಿಸಲಿಲ್ಲ. ನಾಲ್ಕನೆಯ ಕ್ಲಾಸಿನ ಹುಡುಗಿಯರಿಗೆ ಓದಿ ಹೇಳಿದೆ. ಅವತ್ತು ಪ್ರಕೃತಿ ಪಾಠವಿತ್ತು, ಪುಸ್ತಕದಲ್ಲಿದ್ದುದು ನನಗೇ ಸಪ್ಪೆಯೆನಿಸಿತ್ತು.

ಗಂಗುಲಮ್ಮನೆಂಬ ಹುಡುಗಿ ಎದ್ದು ನಿಂತು, “ಯಾರೂ ಬಿತ್ತದೆ ಅಷ್ಟೊಂದು ಗಿಡ ಎಲ್ಲಿಂದ ಬಂದ್ವು ಟೀಚರಮ್ಮ?” ಎಂದು ಕೇಳಿದಳು. ಗಾಳಿ, ನೀರು, ಹಕ್ಕಿ, ಪ್ರಾಣಿ ಎಂದು ಪುಸ್ತಕದ ಉತ್ತರ ಕೊಟ್ಟೆ. “ನೀವು ನೋಡಿದ್ದೀರಾ?” ಎಂದಳು. ನಾನು ನೋಡಿಲ್ಲ. ಹೇಗೂ ಬದು ನಿನ್ನದು, ನಿಂತು ನೋಡುವವನೂ ನೀನೇ. ಯಾವ ಗಿಡ ಹೇಗೆ ಬಂತೆಂದು ಕಂಡದ್ದನ್ನು ಮಾತ್ರ ಬರೆ. ಕೇಳುತ್ತಿರುವುದು ಮಕ್ಕಳಿಗಾಗಿ.

ದನದ ಮಾತು ಸುಳ್ಳೆಂದು ಒಪ್ಪಿದ್ದೇನೆ. ಉಳಿದದ್ದನ್ನು ಕೋರ್ಟು ನೋಡಿಕೊಳ್ಳಲಿ. ‘ಮೊಣಕಾಲು’ ಬರೆಯುವಾಗ ಣಕಾರ ತಪ್ಪಿದ್ದೀಯೆ.

ಅಮ್ಮಾಜಮ್ಮ


ಕಳವಾರ
16–1–1959

ಅಮ್ಮಾಜಮ್ಮನವರಿಗೆ,

ತಮ್ಮ ಶಾಲೆಯ ಹುಡುಗಿಗೆ ಉತ್ತರ ಹುಡುಕಲು ಮೂರು ತಿಂಗಳು ಹಿಡಿಯಿತು.

ಅಣ್ಣೆಸೊಪ್ಪು ಎಲ್ಲಿಂದಲೂ ಬರಲಿಲ್ಲ. ಅದು ಅಲ್ಲೇ ಇತ್ತು. ಇಷ್ಟು ವರ್ಷ ರಾಗಿ ಸಾಲಿನಲ್ಲಿ ಕಳೆಯೆಂದು ಅದನ್ನು ಕಿತ್ತವನು ನಾನು. ಕಿತ್ತಷ್ಟೂ ಬೀಜ ಮಣ್ಣಿನಲ್ಲಿ ಉಳಿದು, ಇವನು ಯಾವಾಗ ತೊಲಗುತ್ತಾನೋ ಎಂದು ಕಾಯುತ್ತಿತ್ತೆಂದು ಕಾಣುತ್ತದೆ. ನೆಗ್ಗಿಲು ದಾರಿಯಿಂದ ಬಂದದ್ದು. ದಾರಿಯಲ್ಲಿ ನಡೆದು ಬಂದು ಬದುವಿನ ಮೇಲೆ ಕೂತು ನನ್ನ ಚಪ್ಪಲಿಯಿಂದಲೇ ಹನ್ನೊಂದು ಮುಳ್ಳು ಕಿತ್ತೆ. ಪ್ರತಿ ಮುಳ್ಳಿನ ಒಳಗೂ ಬೀಜ. ಎಕ್ಕದ ಕಾಯಿ ಒಡೆದದ್ದು ಹೋದ ಸೋಮವಾರ ಮಧ್ಯಾಹ್ನ. ಬೆಟ್ಟದ ಕಡೆಯಿಂದ ಗಾಳಿ ಬಂತು. ಬೆಳ್ಳಗೆ ರೇಷ್ಮೆಯಂಥ ಕೂದಲು ಹೊತ್ತು ಬೀಜಗಳು ಒಂದೊಂದಾಗಿ ನನ್ನ ಮೂಗಿನ ಮುಂದೆಯೇ ಹಾರಿ ಹೊಲಕ್ಕಿಳಿದವು. ಒಂದು ನನ್ನ ಮೀಸೆಯಲ್ಲಿ ಸಿಕ್ಕಿಕೊಂಡಿತು. ಅದನ್ನೂ ಹೊಲದ ಕಡೆಗೇ ಊದಿದೆ. ಕಾಲಿಡಬಾರದು ಎಂದಿದೆ, ಊದಬಾರದು ಎಂದಿಲ್ಲ.

ಇದನ್ನು ಕಣ್ಣಾರೆ ನೋಡಿದ್ದೇನೆಂದು ಆ ಹುಡುಗಿಗೆ ಹೇಳುವುದು.

ವೆಂಕಟರವಣಪ್ಪ


ಗೌರಿಬಿದನೂರು
20–11–1960

ರವಣಪ್ಪನಿಗೆ,

ಮೊನ್ನೆಯ ವಾಯಿದೆಗೆ ನಾನೂ ಬಂದಿದ್ದೆ. ನೀನು ಕೋರ್ಟಿನ ಜಗಲಿಯ ಆ ತುದಿಯಲ್ಲಿ ಕೂತಿದ್ದೆ. ತಲೆ ಇಷ್ಟು ನರೆತದ್ದು ಯಾವಾಗ? ಕೇಸನ್ನು ಮತ್ತೆ ಮುಂದಕ್ಕೆ ಹಾಕಿದರು. ನೀನು ಎದ್ದು ಹೊರಟಾಗ ಮಾತನಾಡಿಸಬೇಕೆಂದುಕೊಂಡೆ, ವಕೀಲರು ಪಕ್ಕದಲ್ಲೇ ಇದ್ದರು.

ಬಸ್ಸು ನಿಮ್ಮೂರಿನ ಬೆಟ್ಟ ಕಾಣುವ ಕಡೆ ಬಂದಾಗ ದೂರದಲ್ಲಿ ಹಳದಿಯ ಒಂದು ತುಂಡು ಕಂಡಿತು. ಅದು ನಮ್ಮ ಹೊಲವೇ?

ಅಮ್ಮಾಜಮ್ಮ


ಕಳವಾರ
5–12–1960

ಅಕ್ಕಯ್ಯನಿಗೆ,

ಹೌದು, ಅದೇ. ತಂಗಡಿ ಹೂ ಬಿಟ್ಟಿದೆ, ಬಂಗಾರ ಚೆಲ್ಲಿದ ಹಾಗೆ.

ಆದರೆ ಹುಡುಗಿಯರಿಗೆ ಹೇಳಬೇಕಾದ ಸುದ್ದಿ ಬೇರೆ. ಅಣ್ಣೆಸೊಪ್ಪು ಹೋಯಿತು! ಮೊದಲ ವರ್ಷ ಹೊಲವೆಲ್ಲ ತನ್ನದೇ ಎಂದು ಮೆರೆದದ್ದು, ಈಗ ಬದುವಿನ ಅಂಚಿನಲ್ಲಿ ನಾಲ್ಕು ಗಿಡವಾಗಿ ಇಣುಕುತ್ತಿದೆ. ಎರಡನೆಯ ವರ್ಷ ಹಂಚಿಕಡ್ಡಿ ಹುಲ್ಲು ದಟ್ಟವಾಗಿ ಎದ್ದು ಅದಕ್ಕೆ ಬಿಸಿಲೇ ಬೀಳದಂತೆ ಮಾಡಿತು. ಈ ವರ್ಷ ಹುಲ್ಲಿನ ನಡುವೆ ತಂಗಡಿ, ಬಂದರಿಕೆ, ಎಲಚಿ ತಲೆಯೆತ್ತಿವೆ. ಇವುಗಳ ಬುಡದಲ್ಲಿ ಹುಲ್ಲು ಆಗಲೇ ತೆಳ್ಳಗಾಗಿದೆ. ಯಾರೂ ಯಾರನ್ನೂ ಓಡಿಸಿದ ಹಾಗೆ ಕಾಣಲಿಲ್ಲ. ಒಂದೇ ಮನೆಯಲ್ಲಿ ಒಬ್ಬರು ಎದ್ದು ಹೋಗುತ್ತಾ ಇನ್ನೊಬ್ಬರು ಬಂದು ಕೂತ ಹಾಗಿದೆ.

ಇನ್ನೊಂದು ವಿಷಯ. ಬದುವಿಗೆ ಹತ್ತಿರದ ತಂಗಡಿ ಬುಡದಲ್ಲಿ ಬೇವಿನ ಸಸಿ ಐದು ಎಣಿಸಿದೆ. ಬಯಲಿನಲ್ಲಿ ಒಂದೂ ಇಲ್ಲ. ಪಿಕಳಾರ ಹಕ್ಕಿಗಳು ಆ ಕೊಂಬೆಯ ಮೇಲೆಯೇ ಕೂರುತ್ತವೆ.

ತಲೆ ನರೆತದ್ದು ನಲವತ್ತಕ್ಕೇ. ನೀನು ನೋಡಿರಲಿಲ್ಲ ಅಷ್ಟೆ.

ವೆಂಕಟರವಣಪ್ಪ


ಕಳವಾರ
9–3–1961

ಅಕ್ಕಯ್ಯನಿಗೆ,

ನಾನು ಕೋರ್ಟಿನ ಅಪ್ಪಣೆ ಮೀರಿದ್ದೇನೆ. ಬೇರೆಯವರಿಂದ ಕೇಳುವ ಮೊದಲು ನಾನೇ ಬರೆಯುತ್ತೇನೆ.

ನಿನ್ನೆ ಮಧ್ಯಾಹ್ನ ಯಾರೋ ಬೆಟ್ಟದ ಒಣಹುಲ್ಲಿಗೆ ಬೆಂಕಿ ಹಚ್ಚಿದರು. ಮಳೆಗೆ ಹೊಸ ಹುಲ್ಲು ಚಿಗುರಲೆಂದು ಹೀಗೆ ಮಾಡುವುದುಂಟು. ಗಾಳಿ ತಿರುಗಿ ಬೆಂಕಿ ಕೆಳಕ್ಕಿಳಿಯಿತು. ನಾನು ಓಡಿ ಹೋಗುವಷ್ಟರಲ್ಲಿ ಬಂಡೆಹೊಲದ ಮೇಲಿನ ಅಂಚು ಹತ್ತಿ ಉರಿಯುತ್ತಿತ್ತು. ಬದುವಿನ ಮೇಲೆ ನಿಂತುಬಿಟ್ಟೆ. ಮೂರು ವರ್ಷದಿಂದ ಅಲ್ಲಿಗೆ ಬಂದು ನಿಂತು ನಿಂತು ಕಾಲಿಗೆ ಅದೇ ಅಭ್ಯಾಸವಾಗಿತ್ತು.

ಮಂಗಮ್ಮ ಹಿಂದಿನಿಂದ ಬಂದವಳು, “ಏನ್ ನೋಡ್ತಾ ನಿಂತಿದ್ದೀರಾ? ಬೆಂಕಿಗೇನು ಕೋರ್ಟಿನೋರು ಆರ್ಡ್ರು ಕೊಟ್ಟವ್ರಾ?” ಎಂದು ಸೆರಗು ಸಿಕ್ಕಿಸಿ ನನಗಿಂತ ಮೊದಲು ಧುಮುಕಿದಳು. ನಾನೂ ಇಳಿದೆ. ಬಂದರಿಕೆಯ ಹಸಿ ಕೊಂಬೆ ಮುರಿದು ಬಡಿದೆವು. ಊರಿನವರು ನಾಲ್ಕೈದು ಮಂದಿ ಬಂದರು. ಅರ್ಧ ಹೊಲ ಉಳಿಯಿತು. ಅರ್ಧ ಕರಿಯಾಯಿತು. ಬೇವಿನ ಸಸಿಗಳು ಉಳಿದ ಕಡೆ ಇವೆ.

ನನ್ನ ಅಂಗೈ ಸ್ವಲ್ಪ ಬೆಂದಿದೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೆ. ಕಾಲಿಟ್ಟದ್ದು ತಪ್ಪೆಂದು ಕಂಡರೆ ವಕೀಲರಿಗೆ ತಿಳಿಸು. ನಾನು ಇಲ್ಲವೆನ್ನುವುದಿಲ್ಲ.

ವೆಂಕಟರವಣಪ್ಪ


ಗೌರಿಬಿದನೂರು
14–3–1961

ರವಣಾ,

ಈ ಕಾಗದದ ಜೊತೆ ಬಸ್ಸಿನ ಕಂಡಕ್ಟರ ಕೈಯಲ್ಲಿ ಸುಟ್ಟಗಾಯದ ಮುಲಾಮು ಕಳಿಸಿದ್ದೇನೆ. ದಿನಕ್ಕೆರಡು ಸಲ ಹಚ್ಚಿಕೋ. ನೀರು ತಾಗಿಸಬೇಡ. ಮಂಗಮ್ಮನ ಕೈ ಹೇಗಿದೆಯೆಂದು ನೀನು ಬರೆಯಲೇ ಇಲ್ಲ. ವಕೀಲರಿಗೆ ಹೇಳುವ ಮಾತೇ ಇಲ್ಲ.

ಒಂದು ಸಂಗತಿ ನಾಲ್ಕು ವರ್ಷದಿಂದ ಎದೆಯಲ್ಲಿದೆ. ಇವತ್ತು ಬರೆದುಬಿಡುತ್ತೇನೆ.

ನನ್ನ ಯಜಮಾನರು ಹೋಗಿ ನಾನು ತವರಿಗೆ ಬಂದಾಗ ನಿನಗೆ ಹದಿನೈದು ವರ್ಷ. ಆ ಸಲ ಹುರುಳಿ ಕಿತ್ತ ಮೇಲೆ ಅಪ್ಪ ನನ್ನನ್ನು ಬಂಡೆಹೊಲಕ್ಕೆ ಕರೆದುಕೊಂಡು ಹೋದರು. “ಇದು ನಿನ್ನದು ಕಣಮ್ಮ. ಇದರ ಬೆಳೇಲಿ ಓದ್ಕೋ. ಯಾರ ಮನೆ ಬಾಗ್ಲಲ್ಲೂ ನಿಂತ್ಕೋಬೇಡ” ಎಂದರು. ಆ ಬೆಳೆಯಲ್ಲೇ ನಾನು ಕೋಲಾರದಲ್ಲಿ ಟ್ರೈನಿಂಗ್ ಮುಗಿಸಿದ್ದು. ಅಪ್ಪನ ಹನ್ನೊಂದನೆಯ ದಿನ ನಾನು ಹೊಲ ಕೊಡೆಂದು ಕೇಳಲಿಲ್ಲ. ಅಪ್ಪ ಹೀಗೆ ಅಂದಿದ್ದರೆಂದು ಹೇಳಿದೆ, ಅಷ್ಟೇ. ನೀನು ನೆಂಟರೆಲ್ಲರ ಎದುರಿಗೆ, “ಹೊರಗಿನೋಳಿಗೆ ಇಲ್ಲೇನು ಕೆಲ್ಸ?” ಎಂದೆ.

ನಾನು ಎರಡೆಕರೆಗಾಗಿ ಕೋರ್ಟಿಗೆ ಹೋಗಲಿಲ್ಲ ರವಣಾ. ಆ ಒಂದು ಮಾತಿಗೆ ಹೋದೆ.

ನಿನ್ನ ಅಕ್ಕ
ಅಮ್ಮಾಜಮ್ಮ


ಕಳವಾರ
2–7–1961

ಅಕ್ಕಯ್ಯನಿಗೆ,

ಕೈ ವಾಸಿಯಾಗಿದೆ. ಮಂಗಮ್ಮನಿಗೆ ಸುಟ್ಟದ್ದು ಸೀರೆಯ ಅಂಚು ಮಾತ್ರ, ಅದಕ್ಕೆ ಮುಲಾಮಿಲ್ಲ ಎನ್ನುತ್ತಾಳೆ.

ಎರಡು ಮಳೆಯಾಯಿತು. ಸುಟ್ಟ ಕಡೆ ಸತ್ತೇ ಹೋಯಿತೆಂದುಕೊಂಡಿದ್ದ ತಂಗಡಿ ಬುಡದಿಂದ ಚಿಗುರಿದೆ. ಒಂದು ಕಾಂಡವಿದ್ದ ಕಡೆ ಏಳೆಂಟು. ಮೇಲೆ ಉರಿದದ್ದು ಬೇರಿಗೆ ಗೊತ್ತೇ ಆಗಿಲ್ಲ. ಬೂದಿಯಾದ ಜಾಗದಲ್ಲಿ ಯಾವುದು ಮೊದಲು ಬಂತು ಹೇಳು? ಅಣ್ಣೆಸೊಪ್ಪು. ಇನ್ನೂ ಮಣ್ಣಿನಲ್ಲಿ ಕಾಯುತ್ತಲೇ ಇತ್ತು, ಗಟ್ಟಿ ಪಿಂಡ.

ನಿನ್ನ ಕಾಗದದ ಎರಡನೆಯ ಪುಟಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ. ಆಗಲಿಲ್ಲ.

ನಿನ್ನ ತಮ್ಮ
ರವಣಪ್ಪ


ಗೌರಿಬಿದನೂರು
18–6–1963

ರವಣಾ,

ಈ ವರ್ಷದ ಹುಡುಗಿಯರು ನಿನ್ನ ಹಳೆಯ ಕಾಗದಗಳನ್ನೆಲ್ಲ ಕೇಳಿ ಮುಗಿಸಿದರು. ಹೊಲದ ನಡುವೆ, ಬಂಡೆಯ ಆಚೆ ಏನಿದೆಯೆಂದು ಅವರ ಪ್ರಶ್ನೆ. ಬದುವಿನಿಂದ ಕಾಣುವುದಿಲ್ಲ ಎಂದರೆ ಒಪ್ಪುವುದಿಲ್ಲ. ಬೆಂಕಿಯ ದಿನ ಇಳಿದವನು ಇನ್ನೊಂದು ಸಲ ಇಳಿ. ವಾದಿಯಾದ ನಾನೇ ಹೇಳುತ್ತಿದ್ದೇನೆ, ತಕರಾರು ಮಾಡುವುದಿಲ್ಲ. ಏನನ್ನೂ ಕೀಳಬೇಡ, ನೋಡಿ ಬಾ.

ಅಕ್ಕ


ಕಳವಾರ
7–7–1963

ಅಕ್ಕಯ್ಯನಿಗೆ,

ಹೋಗಿ ಬಂದೆ. ಬೆನ್ನಿಗೆ ಎಲಚಿ ಮುಳ್ಳು, ಪಂಚೆಗೆ ಕಾರೆಮುಳ್ಳು, ಎರಡೂ ಹರಿದಿವೆ.

ಬಂಡೆಯ ಆಚೆ ನೆರಳಿದೆ ಅಕ್ಕಯ್ಯ. ನಾವು ಹುರುಳಿ ಕೀಳುವಾಗ ನೆತ್ತಿ ಸುಡುತ್ತಿದ್ದ ಜಾಗ. ಅಲ್ಲೂ ಒಂದು ಬೇವು ಹುಟ್ಟಿ ನನ್ನ ತಲೆಯ ಮೇಲೆ ಒಂದಾಳು ಎದ್ದಿದೆ. ಅದನ್ನು ಸಾಕಿದ ತಂಗಡಿ ಅದರ ನೆರಳಿನಲ್ಲೇ ಬಡವಾಗಿ ಒಣಗುತ್ತಿದೆ. ನನಗೆ ಯಾಕೋ ಅಪ್ಪನ ನೆನಪಾಯಿತು. ನೆಲದ ಮೇಲೆ ಎಲೆಯ ಹಾಸು, ಬೆರಳು ಹಾಕಿದರೆ ಕೆಳಗೆ ಕರಿಮಣ್ಣು, ತಣ್ಣಗೆ. ಅದು ಜಲ್ಲಿ ನೆಲವಾಗಿತ್ತು, ನೇಗಿಲಿನ ಗುಳ ಇಳಿಯುತ್ತಿರಲಿಲ್ಲ. ಬೆಟ್ಟದ ಕೋತಿಗಳು ಸೀತಾಫಲ ತಿಂದು ಉಗಿದು ಅವೂ ಹತ್ತು ಹನ್ನೆರಡು ಗಿಡ ಎದ್ದಿವೆ. ಕಾಲ ಬುಡದಿಂದ ಗೌಜಲಹಕ್ಕಿ ಬುರ್ರನೆ ಎದ್ದಾಗ ನಾನು ಕೂಗಿಕೊಂಡೆ. ಇದನ್ನು ಹುಡುಗಿಯರಿಗೆ ಓದಬೇಡ.

ರವಣಪ್ಪ


ಕಳವಾರ
18–8–1965

ಅಕ್ಕಯ್ಯನಿಗೆ,

ಹೋದ ವಾರ ಬೇವಿನ ಮಗ್ಗುಲಲ್ಲಿ ಗುರುತು ಸಿಗದ ಗಿಡವೊಂದು ಕಂಡಿತು. ಎದೆಯೆತ್ತರ, ಎದುರು ಬದುರು ಎಲೆ, ಕೆಂಪುಗಪ್ಪು ಪುಟ್ಟ ಹೂ. ಇಷ್ಟು ವರ್ಷದಲ್ಲಿ ನನಗೆ ಗೊತ್ತಿಲ್ಲದ್ದು ಇದೊಂದೇ. ಬೆಟ್ಟದಿಂದ ಇಳಿದು ಬರುತ್ತಿದ್ದ ಫಾರೆಸ್ಟ್ ಗಾರ್ಡ್ ದಸ್ತಗಿರ್ ಅವರನ್ನು ಕರೆದು ತೋರಿಸಿದೆ. ಎಲೆ ಮುಟ್ಟಿ ನೋಡಿ ನಕ್ಕರು.

“ಅಣ್ಣಾ, ಇದು ಗಂಧ. ಹಕ್ಕಿ ತಂದೈತೆ. ಇದು ಒಂಟಿಯಾಗಿ ಬದುಕೋ ಗಿಡ ಅಲ್ಲ, ಪಕ್ಕದ ಗಿಡದ ಬೇರು ಹಿಡ್ಕೊಂಡು ಬೆಳೆಯೋದು. ಬೋಳು ಹೊಲದಾಗೆ ಬಿದ್ದಿದ್ರೆ ಅವತ್ತೇ ಒಣಗೋಗ್ತಿತ್ತು. ಇಷ್ಟು ಜನ ಮೊದ್ಲೇ ಬಂದು ಕೂತವ್ರೆ ನೋಡಿ, ಅದಕ್ಕೆ ಬಂತು.”

ಆಮೇಲೆ ಜೇಬಿನಿಂದ ಪುಸ್ತಕ ತೆಗೆದು, “ಗಂಧ ಯಾರ ಜಮೀನಾಗಿದ್ರೂ ಸರ್ಕಾರದ್ದು. ಕಾಯೋ ಜವಾಬ್ದಾರಿ ಮಾತ್ರ ಜಮೀನಿನೋರ್ದು. ಯಾರ ಹೆಸ್ರು ಬರ್ಕೊಳ್ಳಲಿ?” ಎಂದರು.

“ಹೊಲ ಕೇಸಲ್ಲೈತೆ” ಎಂದೆ.

“ಕೇಸು ಕೋರ್ಟಾಗೇ ಇರ್ಲಿ ಅಣ್ಣ. ಹೊಲ ಯಾರ್ದು ಅಂತ ನಿಮಗೆ ಗೊತ್ತಿಲ್ವಾ?”

ಆ ಮನುಷ್ಯ ಸುಮ್ಮನೆ ಕೇಳಿದ್ದು. ಎಂಟು ವರ್ಷದಲ್ಲಿ ಯಾವ ವಕೀಲರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಬಂಡೆಯ ಮೇಲೆ ಕೂತುಬಿಟ್ಟೆ. ಅವರು ಪಾಪ, ಸೀಸದಕಡ್ಡಿ ಹಿಡಿದುಕೊಂಡು ಕಾದರು.

“ಬರ್ಕೊಳಪ್ಪ. ಅಮ್ಮಾಜಮ್ಮ” ಎಂದೆ.

“ಗಂಡನ ಹೆಸ್ರು?”

“ಅದು ಬೇಡ. ಕಳವಾರದ ಮುನಿಗಂಗಪ್ಪನ ಮಗಳು ಅಂತ ಬರಿ. ಈ ಮನೆಯೋಳು. ಅದರ ಕೆಳಗೆ ವೆಂಕಟರವಣಪ್ಪ, ಅವಳ ತಮ್ಮ, ಕಾಯೋನು.”

ಬರೆದುಕೊಂಡು ಹೋದರು. ನಿನ್ನ ಆ ಎರಡನೆಯ ಪುಟಕ್ಕೆ ಇದೇ ಉತ್ತರವೆಂದು ತಿಳಿ. ಹನ್ನೊಂದನೆಯ ದಿನ ನಾನಾಡಿದ ಮಾತು ಹೊಲ ಕೈತಪ್ಪುತ್ತದೆಂಬ ಹೆದರಿಕೆಯಲ್ಲಿ ಬಂದದ್ದು. ಬಾಯಿಂದ ಬಿದ್ದ ಕೂಡಲೇ ತಪ್ಪೆಂದು ಗೊತ್ತಾಗಿತ್ತು. ನೆಂಟರು ನೋಡುತ್ತಿದ್ದರು, ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯವಾಗಲಿಲ್ಲ.

ನಿನ್ನ ತಮ್ಮ
ರವಣಪ್ಪ


ಗೌರಿಬಿದನೂರು
23–8–1965

ರವಣಾ,

ನಿನ್ನ ಕಾಗದವನ್ನು ಕ್ಲಾಸಿನಲ್ಲಿ ಓದಲು ಹೊರಟು, ಅರ್ಧಕ್ಕೆ ನಿಲ್ಲಿಸಿ, ಹುಡುಗಿಯರಿಗೆ ಮಗ್ಗಿ ಹೇಳಲು ಹೇಳಿ ಹೊರಗೆ ಬಂದೆ.

ಈ ದಿನ ಚಿಕ್ಕಬಳ್ಳಾಪುರಕ್ಕೆ ಹೋಗಿ ರಾಜಿ ಮಾಡಿಕೊಳ್ಳುತ್ತೇನೆಂದು ವಕೀಲರಿಗೆ ಹೇಳಿ ಬಂದೆ. “ಇಷ್ಟು ವರ್ಷ ಹೋರಾಡಿ ಈಗ ರಾಜಿಯಾ ತಾಯಿ? ನಾವು ಗೆಲ್ತಿದ್ವಿ” ಎಂದು ಬೇಜಾರು ಮಾಡಿಕೊಂಡರು. ಹೊಲ ಇಬ್ಬರ ಹೆಸರಿನಲ್ಲೂ ಒಂದೇ ತುಂಡಾಗಿರಲಿ. ನಡುವೆ ಕಲ್ಲು ನೆಡುವುದು ಬೇಡ. ಉಳುವುದೂ ಬೇಡ. ನಿನಗೆ ಒಪ್ಪಿಗೆಯಿದ್ದರೆ ಮುಂದಿನ ವಾಯಿದೆಗೆ ಬಂದು ಸಹಿ ಹಾಕು. ಈ ಸಲ ಜಗಲಿಯ ಒಂದೇ ತುದಿಯಲ್ಲಿ ಕೂರೋಣ.

ಈ ವರ್ಷ ನನಗೆ ನಿವೃತ್ತಿ. ಅದಕ್ಕೆ ಮೊದಲು ಕ್ಲಾಸಿನ ಮೂವತ್ತೊಂದು ಹುಡುಗಿಯರನ್ನೂ ಹೊಲಕ್ಕೆ ಕರೆತರುತ್ತೇನೆ, ಅಕ್ಟೋಬರ್ ನಾಲ್ಕನೆಯ ಶನಿವಾರ. ಅಡಿಗೆಯ ಗಡಿಬಿಡಿ ಬೇಡ. ಮಂಗಮ್ಮನಿಗೆ ಹೇಳು, ನನಗೆ ಮಾತ್ರ ಬಸ್ಸಾರು ಸಾಕು.

ಅಕ್ಕ


ಕಳವಾರ
25–10–1965

ಅಕ್ಕಯ್ಯನಿಗೆ,

ಕ್ಷೇಮವಾಗಿ ತಲುಪಿದಿರೆಂದು ಕಂಡಕ್ಟರು ಹೇಳಿದರು. ನೀವು ಬಸ್ಸು ಹತ್ತಿದ ಮೇಲೆ ಊರು ಬಿಕೋ ಎನ್ನುತ್ತಿದೆ. ಮೂವತ್ತೊಂದು ಹುಡುಗಿಯರ ಗದ್ದಲಕ್ಕೆ ಎದ್ದು ಹೋದ ಗೌಜಲಹಕ್ಕಿ ಇವತ್ತು ಬೆಳಿಗ್ಗೆ ಹಿಂದಕ್ಕೆ ಬಂತು.

ಮನೆಯಲ್ಲಿ ಮಂಗಮ್ಮನಿಗೆ ಎರಡು ದಿನದಿಂದ ನಿನ್ನದೇ ಮಾತು. ಎಂಟು ವರ್ಷದ ಸುದ್ದಿ ಒಂದೇ ಮಧ್ಯಾಹ್ನಕ್ಕೆ ಮುಗಿಯಲಿಲ್ಲವಂತೆ, ನಿವೃತ್ತಿಯಾದ ಮೇಲೆ ಉಳಿದದ್ದನ್ನು ಕೇಳಲು ಬರಬೇಕಂತೆ. “ಬಂದ್ರೆ ವಾಪಸ್ ಕಳ್ಸಲ್ಲ” ಎಂದೂ ಬರೆಯಿಸುತ್ತಿದ್ದಾಳೆ.

ನಾವಿಬ್ಬರೂ ರಾಜಿಗೆ ಸಹಿ ಹಾಕಿದಾಗಿನಿಂದ ಅರಳಿಕಟ್ಟೆಯಲ್ಲಿ ಎಲ್ಲರೂ ನನ್ನನ್ನು ಹಿಡಿದು, “ಕೊನೆಗೆ ಕೇಸು ಗೆದ್ದೋರು ಯಾರಪ್ಪ?” ಎಂದು ಕೇಳುತ್ತಾರೆ. “ಸರ್ಕಾರ” ಎನ್ನುತ್ತೇನೆ. ನಮ್ಮ ಹೊಲದಲ್ಲಿ ಬೆಲೆಬಾಳುವ ಗಿಡ ಗಂಧವೊಂದೇ, ಅದೂ ಅವರದ್ದು. ಎಲ್ಲರೂ ನಗುತ್ತಾರೆ.

ಇನ್ನೊಂದು ದೂರಿದೆ. ನೀನು ಸಾಲಿನ ಮುಂದಿದ್ದೆ, ನೋಡಲಿಲ್ಲ. ನಿನ್ನ ಹುಡುಗಿಯರು ಒಬ್ಬೊಬ್ಬರೂ ಸೀತಾಫಲ ಕಿತ್ತುಕೊಂಡು, ಬದುವಿನ ಉದ್ದಕ್ಕೂ ಬಸ್ಸು ನಿಲ್ಲುವ ಜಾಗದ ತನಕ ತಿನ್ನುತ್ತಾ, ಬೀಜವನ್ನು ಎಡಕ್ಕೂ ಬಲಕ್ಕೂ ಉಗಿಯುತ್ತಾ ಹೋದರು. ಎಡಕ್ಕಿರುವುದು ನಮ್ಮಿಬ್ಬರ ಹೊಲ, ಪರವಾಗಿಲ್ಲ. ಬಲಕ್ಕಿರುವುದು ನನ್ನ ರಾಗಿ. ಬರುವ ಮುಂಗಾರಿಗೆ ಸಾಲಿನ ನಡುವೆಲ್ಲ ಸೀತಾಫಲ ಮೊಳೆತರೆ ನಾನು ಯಾರ ಮೇಲೆ ಕೇಸು ಹಾಕಲಿ?

ತಮ್ಮ
ರವಣಪ್ಪ